ಗೀರು ಬೀಳಿಸದ ಕೈ

ವಿಂಕೊ ಗ್ರೂಡನ್ ಯಾರ ಮನೆಯ ಅಡುಗೆಮನೆಗೆ ಕಾಲಿಟ್ಟರೂ ಮೊದಲು ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಆಮೇಲೆ ಕೈಗಡಿಯಾರ, ಮದುವೆಯ ಉಂಗುರ, ಅಂಗಿ ಜೇಬಿನ ಪೆನ್ನು. ಎಲ್ಲವನ್ನೂ ಒಂದು ಹಳೆಯ ಕಾಲುಚೀಲದೊಳಗೆ ಹಾಕಿ, ಬಾಯಿಗೆ ಗಂಟು ಬಿಗಿದು ಸಾಮಾನಿನ ಪೆಟ್ಟಿಗೆಯಲ್ಲಿಡುತ್ತಿದ್ದ. ಫ್ರಿಜ್ಜನ್ನು ಹೊರಗೆಳೆಯುವಾಗ ಮೈಯನ್ನು ಅದಕ್ಕೆ ಒತ್ತಿ ನಿಲ್ಲಬೇಕಾಗುತ್ತದೆ. ಬೆಲ್ಟಿನ ಕೊಂಡಿ ಒಮ್ಮೆ ತಾಗಿದರೂ ಮರಕ್ಕೆ ಗೀರು. ಇದು ಗೊತ್ತಿಲ್ಲದ ಒಬ್ಬ ಹೆಂಗಸು ನನಗೆ ಫೋನು ಮಾಡಿ, "ನೀವು ಕಳಿಸಿದ ಮನುಷ್ಯ ನಮ್ಮನೇಲಿ ಬಟ್ಟೆ ಬಿಚ್ತಾ ಇದಾನೆ" ಎಂದು ಪಿಸುಗುಟ್ಟಿದ್ದಳು.

"ಬೆಲ್ಟಿಗೇ ನಿಲ್ಲಿಸ್ತಾನೆ ಮೇಡಂ, ಹೆದರ್ಬೇಡಿ" ಎಂದಿದ್ದೆ.

ನಾನು ಆರ್ಲೀನ್. ಕ್ಲೀವ್‌ಲ್ಯಾಂಡಿನ ಪೂರ್ವಕ್ಕೆ, ವಿಕ್ಲಿಫ್‌ನಲ್ಲಿ ನಾರ್ಮ್ ಸ್ಟಾಕರನ ರಿಪೇರಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಫೋನು ಎತ್ತಿದವಳು. ಬೆಳಿಗ್ಗೆ ಯಾರು ಯಾವ ಮನೆಗೆ ಹೋಗಬೇಕೆಂದು ಚೀಟಿ ಹಂಚುತ್ತಿದ್ದವಳೂ ನಾನೇ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ವಿಂಕೊನ ಕತೆಯಲ್ಲಿ ಆ ಚೀಟಿಗಳ ಪಾಲು ಸಣ್ಣದಲ್ಲ.

ನಮಗೆ ಬರುತ್ತಿದ್ದದ್ದು ಬಹುಪಾಲು ಗೋಡೆಯೊಳಗೆ ಕೂರಿಸಿದ ಫ್ರಿಜ್ಜುಗಳ ಕೆಲಸ. ಚಾಗ್ರಿನ್ ನದಿಯ ದಂಡೆಯ ದೊಡ್ಡ ಮನೆಗಳಲ್ಲಿ ಫ್ರಿಜ್ಜು ಕಣ್ಣಿಗೆ ಕಾಣುವುದಿಲ್ಲ. ಅದರ ಬಾಗಿಲಿಗೂ ಪಕ್ಕದ ಕಪಾಟುಗಳ ಮರವನ್ನೇ ಹೊದಿಸಿರುತ್ತಾರೆ. ಎರಡು ಬದಿಗೂ ನೆಲದಿಂದ ಸೂರಿನವರೆಗೆ ಹಲಗೆ, ನಡುವೆ ನಾಣ್ಯ ತೂರುವಷ್ಟು ಸಂದು. ಆರುನೂರು ಪೌಂಡಿನ ಯಂತ್ರವನ್ನು ಆ ಸಂದಿನಲ್ಲಿ ಅಂಗುಲ ಅಂಗುಲವಾಗಿ ಹೊರಗೆಳೆದು, ಸರಿಮಾಡಿ, ಮತ್ತೆ ಅಲ್ಲಿಗೇ ತಳ್ಳಬೇಕು. ಯಂತ್ರ ಹಾಳಾದರೆ ಇನ್ನೊಂದು ತರಿಸಬಹುದು. ಆ ಮರ ಸಿಗುವುದಿಲ್ಲ.

ವಿಂಕೊ ಅದನ್ನು ಕಲಿತದ್ದು ಒಂದು ತಪ್ಪಿನಿಂದ. ಅಂಗಡಿಗೆ ಸೇರಿದ ಎರಡನೆಯ ವರ್ಷ, ಹಂಟಿಂಗ್ ವ್ಯಾಲಿಯ ಒಂದು ಮನೆಯಲ್ಲಿ ಎಲ್ಲ ತಿರುಪುಗಳನ್ನೂ ಬಿಚ್ಚಿದ್ದೇನೆಂದುಕೊಂಡು ಫ್ರಿಜ್ಜನ್ನು ಎಳೆದ. ಒಂದು ಉಳಿದಿತ್ತು, ಮೇಲಿನ ಜಾಲರಿಯ ಹಿಂದೆ, ಕಣ್ಣಿಗೆ ಬೀಳದಂತೆ. ಯಂತ್ರದ ಜೊತೆಗೆ ಚೆರ್ರಿ ಮರದ ಪಟ್ಟಿ ಮೊಣಕೈ ಉದ್ದಕ್ಕೆ ಸಿಗಿದು ಬಂತು. ಮನೆಯವರು ಆ ಅಡುಗೆಮನೆ ಮಾಡಿದ ಬಡಗಿಯನ್ನೇ ಕರೆಸಿದರು. ಬಡಗಿ ಬರುವ ದಿನ ಅಲ್ಲಿ ಇರಬೇಕೆಂದು ಯಾರೂ ಹೇಳಿರಲಿಲ್ಲ. ವಿಂಕೊ ತಾನಾಗಿ ಹೋಗಿ ನಿಂತ.

ಬಡಗಿ ಮಹ್ಲೊನ್ ಡೆಟ್ವೈಲರ್, ಮಿಡಲ್‌ಫೀಲ್ಡ್ ಕಡೆಯವನು, ಕರೆಂಟು, ಕಾರು ಇಟ್ಟುಕೊಳ್ಳದ ಆಮಿಶ್ ಪಂಥದ ಮನುಷ್ಯ. ಮೀಸೆಯಿಲ್ಲದ ಗಡ್ಡ, ಅಗಲ ಅಂಚಿನ ಟೋಪಿ. ಊರಲ್ಲಿ ಕುದುರೆಗಾಡಿ, ದೂರದ ಕೆಲಸಕ್ಕೆ ಬಾಡಿಗೆ ವ್ಯಾನಿನವನನ್ನು ಗೊತ್ತುಮಾಡಿಕೊಂಡು ಬರುತ್ತಿದ್ದ. ಯಾರನ್ನೂ ಮಿಸ್ಟರ್, ಮಿಸೆಸ್ ಅನ್ನುವವನಲ್ಲ, ಅರಮನೆಯಂಥ ಮನೆಯ ಯಜಮಾನಿಯನ್ನೂ ಹೆಸರು ಹಿಡಿದೇ ಕರೆಯುತ್ತಿದ್ದ.

"ಇದನ್ನ ಎಳೆದಿದ್ದು ನಾನೇ" ಎಂದ ವಿಂಕೊ.

ಮಹ್ಲೊನ್ ಸಿಗಿದ ಜಾಗದ ಮೇಲೆ ಹೆಬ್ಬೆರಳಾಡಿಸಿದ. "ಈ ತಿರುಪು ಹಾಕಿದ್ದು ನಾನು. ಎಲ್ಲಿದೆ ಅಂತ ಯಾರಿಗೂ ಹೇಳ್ಲಿಲ್ಲ. ಅದಕ್ಕೆ ಅರ್ಧ ತಪ್ಪು ನಂದು."

"ನಿಮ್ಮದು ಹೇಗಾಗುತ್ತೆ?"

"ಅರ್ಧ ಅಂದೆ, ಪೂರ್ತಿ ಅನ್ಲಿಲ್ಲ. ಬಾ, ಆ ಕಡೆ ಹಿಡ್ಕೊ."

ಇಬ್ಬರೂ ಸಾಯಂಕಾಲದವರೆಗೆ ಕೆಲಸ ಮಾಡಿದರು. ಅಂದಿನಿಂದ ಮಹ್ಲೊನ್ ತಾನು ಮಾಡಿದ ಪ್ರತಿ ಅಡುಗೆಮನೆಯಲ್ಲೂ ಫ್ರಿಜ್ಜಿನ ಮೇಲಿನ ಜಾಲರಿಯ ಒಳಮೈಗೆ ಪೆನ್ಸಿಲಿನಲ್ಲಿ ತಿರುಪುಗಳ ಲೆಕ್ಕ ಬರೆದಿಡತೊಡಗಿದ: ಎಡಕ್ಕೆ ಎರಡು, ಮೇಲೆ ಒಂದು. ಓದುವವನು ಹೆಚ್ಚುಕಡಿಮೆ ವಿಂಕೊ ಒಬ್ಬನೇ. ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕ ದಿನ ವಿಂಕೊ ಸುಮ್ಮನಿರುತ್ತಿರಲಿಲ್ಲ.

"ಮನೇಲಿ ಒಂದು ಬಲ್ಬಿಲ್ಲ, ಇಲ್ಲಿ ಬಂದು ಫ್ರಿಜ್ಜಿಗೆ ಅರಮನೆ ಕಟ್ತೀಯಲ್ಲೋ ಮಹ್ಲೊನ್."

"ನೀನು ರಿಪೇರಿ ಮಾಡೋ ಫ್ರಿಜ್ಜು ನಿನ್ನ ಮನೇಲಿ ಇದ್ಯಾ?"

"ಎಲ್ಲಿಂದ ಬರ್ಬೇಕು. ನಮ್ಮದರ ಬಾಗಿಲು ಮುಚ್ಚೋಕೆ ಕುರ್ಚಿ ಆನಿಸಿಡ್ಬೇಕು."

"ಹಾಗಾದ್ರೆ ಬಾಯಿ ಮುಚ್ಕೊಂಡು ಕೆಲಸ ನೋಡು."

ವಿಂಕೊನ ಮನೆ ಯೂಕ್ಲಿಡ್‌ನಲ್ಲಿ, ಸರೋವರಕ್ಕೆ ನಾಲ್ಕು ಬೀದಿ ಈಚೆ. ಅಪ್ಪ ಸ್ಲೊವೇನಿಯಾದಿಂದ ಬಂದು ಎರಕದ ಕಾರ್ಖಾನೆಯಲ್ಲಿ ದುಡಿದವನು. ಹೆಂಡತಿ ಮಿಲ್ಕಾ ಶಾಲೆಯೊಂದರ ಅಡುಗೆಮನೆಯಲ್ಲಿದ್ದಳು, ಮಾತು ಹರಿತ. ಮಕ್ಕಳಿರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮಿಲ್ಕಾ ಆಕ್ರೋಟ್ ಹೂರಣ ಸುತ್ತಿದ ಪೊಟಿತ್ಸಾ ರೊಟ್ಟಿ ಬೇಯಿಸಿ ಮೂರು ಕಡೆ ಕಳಿಸುತ್ತಿದ್ದಳು: ಚರ್ಚಿಗೆ, ಮಹ್ಲೊನ್‌ನ ಮನೆಗೆ, ನನಗೆ. ಮಹ್ಲೊನ್‌ನ ಕಡೆಯಿಂದ ಮೇಪಲ್ ಪಾಕದ ಡಬ್ಬಿ ಬರುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು, ಹೇಳುವಂಥದ್ದು ಹೆಚ್ಚೇನೂ ಇಲ್ಲ. ಗಿರಾಕಿಗಳು ಫೋನು ಮಾಡಿ, "ಆ ಉದ್ದನೆಯ ಮನುಷ್ಯನನ್ನೇ ಕಳಿಸಿ" ಅನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಅವನ ಕೆಲಸದ ಮೇಲೆ ಗೀರಿನ ದೂರು ಒಂದೂ ಬರಲಿಲ್ಲ.

ಅವನ ಅಕ್ಷರ ಸಣ್ಣದಾಗುತ್ತಿರುವುದನ್ನು ನಾನು ಗಮನಿಸಿದ್ದು ಒಂದು ಬೇಸಿಗೆಯಲ್ಲಿ.

ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಏನು ಮಾಡಿದೆವೆಂದು ಚೀಟಿಯಲ್ಲಿ ಬರೆದು ತಂದುಕೊಡಬೇಕು. ವಿಂಕೊನದು ದೊಡ್ಡ ದೊಡ್ಡ ಅಕ್ಷರ, ಶಾಲೆಯ ಮಕ್ಕಳದರಂತೆ. ಆ ಬೇಸಿಗೆಯಲ್ಲಿ ಸಾಲು ದೊಡ್ಡದಾಗಿ ಶುರುವಾಗಿ, ಕೊನೆಗೆ ಹೋಗುವಷ್ಟರಲ್ಲಿ ಇರುವೆಗಳು ನಡೆದು ಹೋದಂತೆ ಕಾಣತೊಡಗಿತು. ಒಂದೆರಡು ತಿಂಗಳಲ್ಲಿ ಶುರುವಿನಲ್ಲೂ ಇರುವೆಯೇ. ನಾನು ಕನ್ನಡಕ ಮೂಗಿಗಿಳಿಸಿ ಓದುತ್ತಿದ್ದೆ. ಅಂಗಡಿಗೆ ಬಂದಾಗ ಅವನ ಬಲಗೈ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿಯತೊಡಗಿದ್ದ.

ನನ್ನ ದೊಡ್ಡಪ್ಪನಿಗೂ ಹೀಗೇ ಶುರುವಾಗಿತ್ತು. ಅದು ಯಾವ ಕಾಯಿಲೆಯೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಾಗಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವನು ಹೇಳುತ್ತಾನೆ, ಹೇಳಿದರೆ ನಾನು ನಾರ್ಮ್‌ಗೆ ಹೇಳಬೇಕಾಗುತ್ತದೆ, ಆಮೇಲೆ ಅವನನ್ನು ಕೆಲಸದಿಂದ ಇಳಿಸುತ್ತಾರೆ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಚ್ಚು ಜನ ಕೇಳುತ್ತಿದ್ದದ್ದು ಅವನನ್ನೇ ಎಂಬುದೂ ಒಂದು ಕಾರಣವಾಗಿತ್ತು. ಅವನಿಲ್ಲದಿದ್ದರೆ ಬೈಗುಳ ತಿನ್ನಬೇಕಾದವಳು ನಾನು. ಬೆಳಿಗ್ಗೆ ಚೀಟಿ ಕೊಟ್ಟು ಕಳಿಸುತ್ತಲೇ ಹೋದೆ.

ಮರುವರ್ಷ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೂರು ದಿನ ಇರುವಾಗ ಗೇಟ್ಸ್ ಮಿಲ್ಸ್‌ನಿಂದ ಅಡೇರ್ ಲಾಕ್ರಿಜ್ ಎಂಬ ಹೆಂಗಸಿನ ಫೋನು ಬಂತು. ಫ್ರಿಜ್ಜಿನ ಹಿಂದೆ ಎಲ್ಲೋ ನೀರು ಸೋರುತ್ತಿದೆ, ನೆಲದ ಮರ ಉಬ್ಬಲು ಶುರುವಾಗಿದೆ, ಹಬ್ಬಕ್ಕೆ ಹದಿನೆಂಟು ಜನ ಬರುತ್ತಾರೆ. ಆ ಅಡುಗೆಮನೆ ನಮಗೆಲ್ಲ ಗೊತ್ತಿದ್ದದ್ದೇ. ಅವರದೇ ಜಮೀನಿನಲ್ಲಿ ಗಾಳಿಗೆ ಬಿದ್ದ ಒಂದು ದೊಡ್ಡ ಆಕ್ರೋಟ್ ಮರವನ್ನು ಮಹ್ಲೊನ್ ನಾಲ್ಕು ವರ್ಷ ಒಣಗಿಸಿ, ಒಂದು ಗೋಡೆಯುದ್ದಕ್ಕೂ ಮರದ ಗೆರೆಗಳು ಕಪಾಟಿನಿಂದ ಕಪಾಟಿಗೆ ಕಡಿಯದೆ ಹರಿಯುವಂತೆ ಜೋಡಿಸಿದ್ದ.

ಹಿಂದಿನ ಸೋರಿಕೆಯೆಂದರೆ ಯಂತ್ರವನ್ನು ಪೂರ್ತಿ ಹೊರಗೆ ತರಬೇಕು. ಅದು ಇಬ್ಬರ ಕೆಲಸ.

"ಜೊತೆಗೆ ಯಾರು ಬರ್ತಾರೆ?" ಎಂದು ವಿಂಕೊ ಕೇಳಿದ.

"ಹಬ್ಬದ ವಾರ, ಎಲ್ಲರೂ ಹೊರಗಿದಾರೆ. ನೀನು ಹೋಗಿ ನೆಲಕ್ಕೆ ಹಾಸಿ, ಮರಕ್ಕೆ ಹೊದಿಸಿ ಮಾಡ್ತಿರು. ಹನ್ನೊಂದಕ್ಕೆ ಡೆನಿಸ್‌ನ ಕಳಿಸ್ತೀನಿ."

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ಖಂಡಿತಾ ಕಳಿಸ್ತೀಯಲ್ಲ ಆರ್ಲೀನ್?"

"ಕಳಿಸ್ತೀನಿ ಅಂದ್ನಲ್ಲ, ಹೋಗು."

ಡೆನಿಸ್‌ನ ಕೆಲಸ ಮೆಂಟರ್ ಕಡೆ ಎಲ್ಲೋ ಸಿಕ್ಕಿಕೊಂಡಿತು. ನನಗೆ ನೆನಪಾದಾಗ ಮಧ್ಯಾಹ್ನ ಎರಡು ಗಂಟೆ. ಅಷ್ಟರಲ್ಲಿ ವಿಂಕೊ ಒಬ್ಬನೇ ಎಲ್ಲ ಮುಗಿಸಿ ಹೊರಟಿದ್ದ.

ನಾಲ್ಕು ಗಂಟೆಗೆ ಮಿಸೆಸ್ ಲಾಕ್ರಿಜ್ ಫೋನು ಮಾಡಿದಳು. ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಫ್ರಿಜ್ಜಿನ ಬಲಗಡೆ ದೊಡ್ಡ ಹಲಗೆ ಇದೆಯಲ್ಲ, ಅದರಲ್ಲಿ ಕೆಳಗಡೆ ಒಂದು ಗೀರು ಬಿದ್ದಿದೆ. ಗೀರಲ್ಲ, ಗಾಯ. ಉಗುರು ಇಳಿಯುವಷ್ಟು ಆಳ. ಗ್ರೂಡನ್ ಕೈಯಲ್ಲಿ ಹೀಗಾಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ನಾರ್ಮ್ ಅವನನ್ನು ಒಳಗೆ ಕರೆದ. ನಾರ್ಮ್ ಕೆಟ್ಟವನಲ್ಲ. ಅವನ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಎಲ್ಲ ಕೇಳಿಸಿಕೊಂಡೆ.

"ಕೆಲಸ ಶುರು ಮಾಡೋ ಮೊದಲು ಫೋಟೋ ತೆಗೀತೀಯಲ್ಲ, ಅದನ್ನ ತೋರ್ಸು. ಗೀರು ಮೊದ್ಲೇ ಇದ್ರೆ ಅದ್ರಲ್ಲಿ ಬಂದಿರುತ್ತೆ, ಅಲ್ಲಿಗೆ ಮುಗೀತು."

ನಮ್ಮಲ್ಲಿ ಅದು ನಿಯಮ. ಯಂತ್ರವನ್ನು ಮುಟ್ಟುವ ಮೊದಲು ಸುತ್ತಲಿನ ಮರದ, ನೆಲದ ಫೋಟೋ ತೆಗೆಯಬೇಕು. ಆ ನಿಯಮ ತಂದವನೂ ವಿಂಕೊನೇ. ಅವನು ಅಂಗಡಿಯ ಪುಟ್ಟ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. ನಾರ್ಮ್ ಒಂದೊಂದೇ ಫೋಟೋ ನೋಡುತ್ತ ಹೋದ. ಹನ್ನೆರಡು ಫೋಟೋ ಇದ್ದವು. ಹನ್ನೆರಡರಲ್ಲೂ ಕಂದು ಬಣ್ಣ ಕಲೆಸಿ ಹೋಗಿತ್ತು, ಓಡುವ ಬಸ್ಸಿನಿಂದ ತೆಗೆದಂತೆ. ಎಲ್ಲಿ ಬಾಗಿಲು, ಎಲ್ಲಿ ಹಲಗೆ ಎಂದೂ ತಿಳಿಯುತ್ತಿರಲಿಲ್ಲ.

"ಇದೇನಿದು ವಿಂಕೊ?"

ನಾರ್ಮ್ ಕ್ಯಾಮೆರಾ ಕೆಳಗಿಟ್ಟು ಅವನ ಜೇಬಿನ ಕಡೆ ನೋಡಿದ.

"ಕೈ ತೆಗಿ."

ಕೈ ಹೊರಗೆ ಬಂತು. ಮೇಜಿನ ಮೇಲಿಟ್ಟರೂ ಅದು ನಿಲ್ಲಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

"ಅಯ್ಯೋ ದೇವರೇ. ಸರಿ, ಆ ಗೀರು ನೀನೇ ಮಾಡಿದ್ದಾ?"

"ಗೊತ್ತಿಲ್ಲ" ಎಂದ ವಿಂಕೊ. ಆಮೇಲೆ, "ಒಳಗೆ ತಳ್ಳುವಾಗ ಒಂದ್ಸಲ ಕೈ ಜಾರಿತು. ಏನೂ ತಾಗ್ಲಿಲ್ಲ ಅಂದ್ಕೊಂಡೆ. ನಾನೇ ಮಾಡಿರ್ಬೇಕು. ಬೇರೆ ಯಾರು ಮಾಡ್ತಾರೆ?" ಎಂದ.

ಜೊತೆಗೆ ಆಳು ಕಳಿಸುತ್ತೇನೆಂದು ಹೇಳಿ ನಾನು ಕಳಿಸಲಿಲ್ಲ ಎಂಬ ಮಾತು ಅವನ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. ನಾನೂ ಎದ್ದು ಒಳಗೆ ಹೋಗಿ ಹೇಳಲಿಲ್ಲ.

ಆ ಮನೆಯ ಮರದ ಖರ್ಚನ್ನು ಅಂಗಡಿ ಹೊತ್ತುಕೊಂಡಿತು. ವಿಂಕೊನನ್ನು ಹೊರಗಿನ ಕೆಲಸದಿಂದ ತೆಗೆದು ಹಿಂದಿನ ಕೋಣೆಯಲ್ಲಿ ಬಿಡಿಭಾಗ ಕೊಡುವ ಕಟ್ಟೆಗೆ ಕೂರಿಸಿದರು. ಅಲ್ಲಿರುವುದೆಲ್ಲ ಕಡಲೆಬೇಳೆ ಗಾತ್ರದ ತಿರುಪು, ನಟ್ಟು, ಉಂಗುರ. ಹುಡುಗರು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಆದರೆ ಕಟ್ಟೆಯಿಂದ ಏನಾದರೂ ಬಿದ್ದ ಸದ್ದಾದರೆ ಎಲ್ಲರೂ ಒಟ್ಟಿಗೇ ಮಾತು ನಿಲ್ಲಿಸುತ್ತಿದ್ದರು, ಅದು ಬೈದದ್ದಕ್ಕಿಂತ ಕಡೆ. ಡಾಕ್ಟರು ಪಾರ್ಕಿನ್ಸನ್ ಎಂದು ಬರೆದುಕೊಟ್ಟರು. ಫೆಬ್ರವರಿಯ ಒಂದು ಬೆಳಿಗ್ಗೆ ವಿಂಕೊ ಬಂದು ಕೋಟು ತೆಗೆಯದೆಯೇ ನಾರ್ಮ್‌ಗೆ ಬೀಗದ ಕೈ ಕೊಟ್ಟು ಹೊರಟುಹೋದ. ನನ್ನ ಮೇಜಿನ ಮುಂದೆ ಹಾಯುವಾಗ, "ಹೋಗ್ಬರ್ತೀನಮ್ಮ" ಎಂದ. ಅಷ್ಟೇ.

ಮಹ್ಲೊನ್‌ಗೆ ಕೈತುಂಬ ಕೆಲಸ ಇದ್ದದ್ದರಿಂದ ಅವನು ಆ ಹಲಗೆ ಸರಿಮಾಡಲು ಲಾಕ್ರಿಜ್ ಮನೆಗೆ ಹೋದದ್ದು ಮಾರ್ಚಿನಲ್ಲಿ. ಹೋದ ದಿನವೇ ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ನೇರ ನಮ್ಮ ಅಂಗಡಿಗೆ ಬಂದ. ಅಷ್ಟು ವರ್ಷದಲ್ಲಿ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಟೋಪಿ ತೆಗೆಯಲಿಲ್ಲ, ಕೂರಲಿಲ್ಲ.

"ನಾರ್ಮ್, ಆ ಗೀರು ವಿಂಕೊ ಮಾಡಿದ್ದಲ್ಲ" ಎಂದ.

"ನಿನಗೆ ಹೇಗೆ ಗೊತ್ತು?"

"ಫ್ರಿಜ್ಜು ಎಳೆಯುವಾಗ ಬಿದ್ದ ಗೀರು ಒಳಗಿಂದ ಹೊರಕ್ಕೆ ಬರ್ಬೇಕು. ಇದು ಅಡ್ಡಕ್ಕೆ ಹೋಗಿದೆ, ಗೋಡೆಗುಂಟ. ಅದೇ ಎತ್ತರಕ್ಕೆ ಆಚೆ ಎರಡು ಕಪಾಟಿನ ಬಾಗಿಲಲ್ಲೂ ತೆಳ್ಳಗೆ ಉಜ್ಜಿದ ಗುರುತಿದೆ. ಅಲ್ಲಿ ಫ್ರಿಜ್ಜಿನವನಿಗೆ ಏನು ಕೆಲಸ? ಅಳತೆ ಪಟ್ಟಿ ಇಟ್ಟು ನೋಡ್ದೆ. ಆಮೇಲೆ ಆ ಮನೆ ಯಜಮಾನನ ಗಾಲಿಕುರ್ಚಿಗೆ ಇಟ್ಟು ನೋಡ್ದೆ. ಕಾಲಿಡೋ ಕಬ್ಬಿಣದ ತಗಡು ಸರಿಯಾಗಿ ಅಷ್ಟೇ ಎತ್ತರ."

ಮಿಸ್ಟರ್ ಲಾಕ್ರಿಜ್ ಮೊದಲೆಲ್ಲ ಕುದುರೆ ಸವಾರಿಗೆ ಹೆಸರಾದವನು. ಹಿಂದಿನ ವಸಂತದಲ್ಲಿ ಪಾರ್ಶ್ವವಾಯು ಬಡಿದು ಗಾಲಿಕುರ್ಚಿಗೆ ಬಂದಿದ್ದ. ಸಿಹಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರಂತೆ. ಹೆಂಡತಿ ಹೊರಗೆ ಹೋದಾಗ ಒಬ್ಬನೇ ಕುರ್ಚಿ ತಿರುಗಿಸಿಕೊಂಡು ಫ್ರಿಜ್ಜಿಗೆ ಬರುತ್ತಿದ್ದ. ಅಂದು ವಿಂಕೊ ಹೊರಟ ಮೇಲೂ ಹಾಗೆಯೇ ಬಂದಿದ್ದಾನೆ, ಕುರ್ಚಿಯ ತಗಡು ಹಲಗೆಗೆ ಉಜ್ಜಿದೆ. ಮಹ್ಲೊನ್ ಅಳತೆ ಪಟ್ಟಿ ಹಿಡಿದು ಮುಂದೆ ಬಗ್ಗಿದಾಗ ಆ ಮುದುಕ ಅಳಲು ಶುರುಮಾಡಿದನಂತೆ.

"ನಾಲ್ಕು ತಿಂಗಳು ಆತನಿಗೆ ಗೊತ್ತಿತ್ತಾ?" ಎಂದು ನಾರ್ಮ್ ಕೇಳಿದ.

"ಗೊತ್ತಿತ್ತು."

ನಾರ್ಮ್ ಫೋನಿಗೆ ಕೈಹಾಕಿದ. ಮಹ್ಲೊನ್ ತಲೆಯಾಡಿಸಿದ. "ಇಂಥದ್ದನ್ನ ಫೋನಲ್ಲಿ ಹೇಳ್ಬಾರ್ದು. ವ್ಯಾನು ಹೊರಗಿದೆ." ನಾರ್ಮ್‌ಗೆ ವಿಂಕೊನ ಎದುರು ನಿಲ್ಲುವ ಮುಖವಿರಲಿಲ್ಲ, ನನ್ನ ಕಡೆ ನೋಡಿದ. ನಾನು ಕೋಟು ತೆಗೆದುಕೊಂಡು ಎದ್ದೆ.

ಯೂಕ್ಲಿಡ್‌ನಲ್ಲಿ ಹಿಮ ಕರಗಿ ಬೀದಿಯೆಲ್ಲ ಬೂದಿಬಣ್ಣದ ಕೆಸರು. ವಿಂಕೊ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮುಖ ಕ್ಷೌರವಾಗಿರಲಿಲ್ಲ. ಮಹ್ಲೊನ್ ನಿಂತೇ ಎಲ್ಲ ಹೇಳಿದ, ನಮಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ. ವಿಂಕೊ ಕೇಳಿಕೊಂಡ. "ಅದನ್ನ ಮಿಸೆಸ್ ಲಾಕ್ರಿಜ್ ಮುಂದೆ ಹೇಳಿದ್ಯಾ? ಆ ಮನುಷ್ಯ ಅಲ್ಲೇ ಇರುವಾಗ?" ಎಂದು ಕೇಳಿದ.

"ಇನ್ನೆಲ್ಲಿ ಹೇಳ್ಲಿ?"

"ಹೇಳ್ಬಾರ್ದಿತ್ತು ಮಹ್ಲೊನ್."

ಒಲೆಯ ಮುಂದಿದ್ದ ಮಿಲ್ಕಾ ತಿರುಗಿದಳು. "ಹೇಳ್ಬಾರ್ದಿತ್ತಂತೆ. ಕೇಳಿದ್ರಾ ಇವರ ಮಾತು? ನಾಲ್ಕು ತಿಂಗಳಿಂದ ಈ ಮನುಷ್ಯ ನೆಟ್ಟಗೆ ಊಟ ಮಾಡಿಲ್ಲ. ಕೂತಲ್ಲಿ ಕೂತು ಅದೇ ಫ್ರಿಜ್ಜನ್ನ ತಳ್ತಾ ಇದಾರೆ, ಮತ್ತೆ ಮತ್ತೆ. 'ಇಲ್ಲಿ ಜಾರಿತು, ಅಲ್ಲಿ ತಾಗಿತು' ಅಂತ. ಆ ಶ್ರೀಮಂತ ಮುದುಕ ಐಸ್‌ಕ್ರೀಮ್ ತಿಂದ್ಕೊಂಡು ಸುಮ್ನೆ ಕೂತಿದ್ನಂತೆ. ಅವನಿಗೆ ನಾಚಿಕೆ ಆಯ್ತು ಅಂತ ಇವರಿಗೆ ಕನಿಕರ."

"ಮಿಲ್ಕಾ, ಸಾಕು."

"ಸಾಕಾಗಿದೆ ನನಗೂ."

ವಿಂಕೊ ಮೇಜಿನ ಮೇಲೆ ಕುಣಿಯುತ್ತಿದ್ದ ತನ್ನ ಕೈಯ ಮೇಲೆ ಇನ್ನೊಂದು ಕೈ ಇಟ್ಟು ಒತ್ತಿಕೊಂಡ. "ನನಗೆ ಸಂತೋಷ ಆಗ್ಬೇಕಿತ್ತು, ಗೊತ್ತು. ಆಗ್ತಿಲ್ಲ. ಇದು ನಂದಲ್ಲ, ಸರಿ. ಆದ್ರೆ ನಂದಾ ಅಲ್ವಾ ಅಂತ ನನಗೇ ಗೊತ್ತಿರ್ಲಿಲ್ಲ ಮಹ್ಲೊನ್. ಮೊದಲಾದ್ರೆ ಸಂದಿನಲ್ಲಿ ಕೂದಲೆಳೆ ತಾಗಿದ್ರೂ ಬೆರಳಿಗೆ ಗೊತ್ತಾಗ್ತಿತ್ತು. ಗೊತ್ತಾಗದ ಕೈ ಇಟ್ಕೊಂಡು ಒಂದೂವರೆ ವರ್ಷ ಜನರ ಮನೆಗೆ ಹೋಗಿದೀನಿ."

ಮಿಲ್ಕಾ ನಮ್ಮ ಮುಂದೆ ಒಂದೊಂದು ತಟ್ಟೆ ಸಾರು ತಂದು ಕುಕ್ಕಿದಳು. ತಿಂದೆವು. ಹೊರಡುವಾಗ ಮಹ್ಲೊನ್, "ಮಂಗಳವಾರ ವ್ಯಾನು ಕಳಿಸ್ತೀನಿ. ಈಗಿನ ಫ್ರಿಜ್ಜುಗಳ ಅಳತೆ ನನ್ನ ಮಕ್ಕಳಿಗೆ ಅರ್ಥವಾಗ್ತಿಲ್ಲ. ಬಾಯಿ ಇದೆಯಲ್ಲ, ಅದಕ್ಕೇನೂ ಆಗಿಲ್ಲ" ಎಂದ.

"ಕರೆಂಟಿಲ್ಲದ ಕೋಣೇಲಿ ಕೂತು ಫ್ರಿಜ್ಜಿನ ಪಾಠ ಹೇಳ್ಲಾ?"

"ಕಿಟಕಿ ಇದೆ."

ಆ ವರ್ಷವೂ ಮರುವರ್ಷದ ಅರ್ಧದವರೆಗೂ ವಿಂಕೊ ಮಂಗಳವಾರಗಳಂದು ಮಿಡಲ್‌ಫೀಲ್ಡಿಗೆ ಹೋದ. ಸೌದೆ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಎಲ್ಲಿ ಎಷ್ಟು ಸಂದು ಬಿಡಬೇಕು, ಯಾವ ಹಲಗೆಯನ್ನು ಬಿಚ್ಚಲು ಬರುವಂತೆ ಇಡಬೇಕು, ನೀರಿನ ಕೊಳವೆಯನ್ನು ಎಷ್ಟು ಉದ್ದ ಸುತ್ತಿಡಬೇಕು ಎಂದು ಹೇಳುತ್ತಿದ್ದ. ಮಹ್ಲೊನ್‌ನ ಮಕ್ಕಳು ಬರೆದುಕೊಳ್ಳುತ್ತಿದ್ದರು. ಅವನ ಮಾತೂ ಅಕ್ಷರದ ಹಾಗೆಯೇ ಸಣ್ಣದಾಗುತ್ತ ಬಂತು. ಕೊನೆಕೊನೆಗೆ ಕೇಳಿಸಿಕೊಳ್ಳಲು ಅವರು ಮರಕ್ಕೆ ರಂದ ಹೊಡೆಯುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಒಂದು ದಿನ ಮರದ ಹೊಟ್ಟಿನ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಿಲ್ಕಾ ಮತ್ತೆ ಕಳಿಸಲಿಲ್ಲ.

ಮಿಸೆಸ್ ಲಾಕ್ರಿಜ್ ಒಂದು ಕಾಗದ ಬರೆದಿದ್ದಳು, ಜೊತೆಗೆ ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಮಿಲ್ಕಾ ಪಕ್ಕದ ಮನೆಗೆ ಕೊಟ್ಟಳು, ಕಾಗದವನ್ನು ವಿಂಕೊ ಇಟ್ಟುಕೊಂಡ. ಅದರಲ್ಲಿ ಏನಿತ್ತೆಂದು ಯಾರಿಗೂ ಓದಿ ಹೇಳಲಿಲ್ಲ. ಆ ಗಂಡ ತೀರಿಕೊಂಡ ಮೇಲೆ ಅವಳು ಮನೆ ಮಾರಿ ಫ್ಲಾರಿಡಾಕ್ಕೆ ಹೋದಳು. ಕೊಂಡವರು ಚಿಕ್ಕ ವಯಸ್ಸಿನವರು. ಅವರಿಗೆ ಕಪ್ಪು ಮರ ಬೇಡವಾಗಿತ್ತು, ಬಿಳಿ ಅಡುಗೆಮನೆ ಬೇಕಿತ್ತು. ಮಹ್ಲೊನ್‌ನ ದೊಡ್ಡ ಮಗ ಈನೋಸ್ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ಮನೆಯ ಮುಂದೆ ಕಸದ ದೊಡ್ಡ ಕಬ್ಬಿಣದ ತೊಟ್ಟಿಯನ್ನೂ ಅದರಲ್ಲಿ ಆ ಆಕ್ರೋಟ್ ಹಲಗೆಗಳನ್ನೂ ಕಂಡ.

ವಿಂಕೊಗೆ ಇದನ್ನು ಹೇಳಬಾರದೆಂದು ಮಿಲ್ಕಾ, ನಾನು ಮಾತಾಡಿಕೊಂಡಿದ್ದೆವು. ಆದರೆ ಮಹ್ಲೊನ್‌ಗೆ ಮುಚ್ಚಿಡುವುದು ಬರುವುದಿಲ್ಲ. ಒಂದು ದಿನ ಬಂದವನು ಹಾಸಿಗೆಯ ಪಕ್ಕ ಕೂತು ಹೇಳಿಬಿಟ್ಟ.

ವಿಂಕೊ ಸೂರು ನೋಡುತ್ತಲೇ ಕೇಳಿದ. "ಫ್ರಿಜ್ಜನ್ನ ಹೇಗೆ ತೆಗೆದ್ರಂತೆ?"

"ಪಕ್ಕದ ಹಲಗೇನ ಗರಗಸದಲ್ಲಿ ಕೊಯ್ದು."

"ಹಾಗಾದ್ರೆ ಸುಲಭ" ಎಂದ ವಿಂಕೊ.

ನಾನು ಆ ಹೊತ್ತಿಗೆ ಕೆಲಸ ಬಿಟ್ಟಿದ್ದೆ. ಭಾನುವಾರ ಚರ್ಚು ಮುಗಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದೆ, ಮಿಲ್ಕಾ ಒಂದು ಗಂಟೆ ಮಲಗಲಿ ಎಂದು. ಚಮಚದಲ್ಲಿ ಅವನಿಗೆ ಗಂಜಿ ತಿನ್ನಿಸುತ್ತಿದ್ದೆ. ಒಂದು ದಿನ, ಏಕೆ ಅಂದೇ ಬಾಯಿಗೆ ಬಂತೋ ಗೊತ್ತಿಲ್ಲ, ಹೇಳಿದೆ.

"ವಿಂಕೊ, ನಿನ್ನ ಚೀಟಿ ಓದ್ತಿದ್ದೋಳು ನಾನು. ಅಕ್ಷರ ಸಣ್ಣದಾಗ್ತಿದ್ದಾಗ್ಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಕಳಿಸ್ತಿದ್ದೆ. ಆವತ್ತು ಡೆನಿಸ್‌ನ ಕಳಿಸ್ತೀನಿ ಅಂದು ಮರೆತದ್ದೂ ನಾನೇ. ನಾರ್ಮ್ ಮುಂದೆ ಅದನ್ನ ಹೇಳ್ಲಿಲ್ಲ."

ಅವನ ಮುಖದಲ್ಲಿ ಆಗ ಯಾವ ಭಾವವೂ ಏಳುತ್ತಿರಲಿಲ್ಲ, ಆ ಕಾಯಿಲೆಯೇ ಹಾಗೆ. ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಮಾತು ಕೇಳಿಸಲು ನಾನು ಬಗ್ಗಬೇಕಾಯಿತು.

"ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ಕನ್ನಡಕ ಇಳಿಸಿ ಓದ್ತಿದ್ದೆಯಲ್ಲ."

"ಮತ್ತೆ ನೀನ್ಯಾಕೆ ಏನೂ ಅನ್ಲಿಲ್ಲ?"

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ. ಕೇಳಿದ್ರೆ ಹೇಳ್ತಿದ್ದೆ. ನಾನಾಗಿ ಹೇಳೋಕೆ ಆಗ್ಲಿಲ್ಲ."

ಚಮಚ ನನ್ನ ಕೈಯಲ್ಲೇ ಉಳಿಯಿತು. ಅವನು ಬಾಯಿ ತೆರೆದ. ಗಂಜಿಗೋ ಇನ್ನೊಂದು ಮಾತಿಗೋ ತಿಳಿಯಲಿಲ್ಲ. ಗಂಜಿ ಹಾಕಿದೆ. ನುಂಗಿದ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಮುಂದಿನ ಜನವರಿಯಲ್ಲಿ ಗಂಟಲಿಗಿಳಿದ ನೀರು ಶ್ವಾಸಕೋಶಕ್ಕೆ ಹೋಗಿ ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದ. ಜೀವ ಹೋದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಮಿಲ್ಕಾ ಕಾಫಿ ತರಲೆಂದು ಕೆಳಗೆ ಹೋಗಿದ್ದಳು.

ಮಣ್ಣಿನ ದಿನ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ, ಸಾಸೇಜು, ಹುಳಿ ಎಲೆಕೋಸು. ನಾರ್ಮ್ ಬಂದಿದ್ದ, ಅಂಗಡಿಯ ಹಳಬರು ನಾಲ್ಕೈದು ಜನ. ಮಹ್ಲೊನ್ ಪೂಜೆಯುದ್ದಕ್ಕೂ ಬಾಗಿಲ ಹತ್ತಿರವೇ ನಿಂತಿದ್ದ, ಅವನದಲ್ಲದ ಚರ್ಚು. ಕೆಳಗೆ ಬಂದು ನನ್ನ ಎದುರಿಗೆ ಕೂತು ತಟ್ಟೆಯಲ್ಲಿದ್ದದ್ದನ್ನೆಲ್ಲ ನಿಧಾನವಾಗಿ ತಿಂದು ಮುಗಿಸಿದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಏನಾದರೂ ಮಾತಾಡುತ್ತಾನೇನೋ ಎಂದು ನೋಡಿದೆ. ವ್ಯಾನಿನವನು ಬಂದು, ಚಾರ್ಡನ್ ದಾಟಿದರೆ ಹಿಮ ಜೋರಾಗಿದೆ, ಈಗಲೇ ಹೊರಡಬೇಕು ಎಂದ.

ಮಿಲ್ಕಾ ಅವನನ್ನು ಮೆಟ್ಟಿಲವರೆಗೆ ಕಳಿಸಿಕೊಟ್ಟು ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಮುಂದಿನ ತಟ್ಟೆ ಹಾಗೆಯೇ ಆರಿಹೋಗಿತ್ತು. ನಾನು ಅದನ್ನು ಎತ್ತಿಕೊಂಡು ಬಿಸಿಮಾಡಿಸಲು ಒಳಗೆ ಹೋದೆ.